ಹಿಮಾಲಯನ್ 411 ಕೊಟ್ಟು 450 ತಗೊಳ್ಳೋದಾ? ಎರಡನ್ನೂ ಓಡಿಸಿದವರು ಹೇಳಿ

ತಿಪಟೂರು ಸವಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಓದಿ ಹೇಳಿ.

ನನ್ನದು 2020ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್, ಬಿಎಸ್6 (ಹೊಗೆ ನಿಯಮದ ಮಾಡೆಲ್), ಬಿಳಿ ಬಣ್ಣ. ಇವತ್ತಿಗೆ 52 ಸಾವಿರ ಕಿ.ಮೀ. ಆಗಿದೆ. ಆಗುಂಬೆ, ಚಾರ್ಮಾಡಿ, ಕುದುರೆಮುಖ, ಆ ಕಡೆ ಗೋಕರ್ಣ, ಎಲ್ಲಾ ಇದರಲ್ಲೇ. ಹಿಂದೆ ಯಾವಾಗಲೂ ಹೆಂಡತಿ ಇರುತ್ತಾಳೆ, ಎರಡೂ ಕಡೆ ಬ್ಯಾಗ್ ಇರುತ್ತದೆ. ಬರುವ ಜುಲೈಯಲ್ಲಿ ಇಬ್ಬರೂ ಮನಾಲಿಯಿಂದ ಲೇಹ್, ಅಲ್ಲಿಂದ ಹಾನ್ಲೆ, ಸಾಧ್ಯವಾದರೆ ಉಮ್ಲಿಂಗ್ ಲಾ ಅನ್ನುವ ಎತ್ತರದ ಘಾಟಿ ತನಕ ಹೋಗಬೇಕು ಅಂತ ಇದ್ದೇವೆ. ಅದಕ್ಕೇ ಹೊಸ ಬೈಕಿನ ಯೋಚನೆ ಬಂದಿದ್ದು.

ಹೋದ ಭಾನುವಾರ 450 ಟೆಸ್ಟ್ ರೈಡ್ ಮಾಡಿದೆ. ಇಪ್ಪತ್ತು ನಿಮಿಷ ಸಿಕ್ಕಿತು. ಅಂದಿನಿಂದ ನಿದ್ದೆ ಸರಿಯಾಗಿಲ್ಲ.

ಲೆಕ್ಕ ನೋಡಿದರೆ ಹೊಸದನ್ನು ಮೀರಿಸುವ ಹಾಗೇ ಇಲ್ಲ. ಹಳೆಯದು ಪವರ್ 24.5 ಪಿಎಸ್, ಟಾರ್ಕ್ (ಎಳೆಯುವ ಬಲ) 32 ನ್ಯೂಟನ್ ಮೀಟರ್, 5 ಗೇರ್. ಹೊಸದು 452 ಸಿಸಿ, 40 ಪಿಎಸ್, 40 ನ್ಯೂಟನ್ ಮೀಟರ್, 6 ಗೇರ್. ತೂಕ 199ರಿಂದ 196 ಕೆಜಿಗೆ ಇಳಿದಿದೆ, ಅದೂ ಟ್ಯಾಂಕ್ 15 ಲೀಟರಿನಿಂದ 17 ಲೀಟರಿಗೆ ಏರಿದ ಮೇಲೆ. ಇದೆಲ್ಲಾ ನನಗೆ ಬಾಯಿಪಾಠ ಆಗಿದೆ. ನಾನು ಕೇಳುತ್ತಿರುವುದು ಬೇರೆ.

ಶೋರೂಮಿನಿಂದ ಹೊರಗೆ ಬಂದ ಕೂಡಲೇ ಒಂದು ಹಂಪ್ ಇದೆ. ನನ್ನ ಬೈಕಿನಲ್ಲಿ ಅಂಥ ಹಂಪ್ ಬಂದರೆ ಮೂರನೇ ಗೇರಿನಲ್ಲೇ ನಿಧಾನ ಮಾಡಿ ದಾಟಿಸುತ್ತೇನೆ. ಆಮೇಲೆ ಆಕ್ಸಿಲರೇಟರ್ ಚೂರು ತಿರುಗಿಸಿದರೆ ಸಾಕು, ಗುಡುಗುಡು ಅಂತ ಎಳೆದುಕೊಂಡು ಹೋಗುತ್ತದೆ. 450ರಲ್ಲೂ ಹಾಗೇ ಮಾಡಿದೆ, ಬೈಕ್ ತಡವರಿಸಿತು. ಎರಡಕ್ಕೆ ಇಳಿಸಬೇಕಾಯಿತು. ಆದರೆ ಹೈವೇಗೆ ಬಂದು 4 ಸಾವಿರ ಆರ್‌ಪಿಎಂ ದಾಟಿತು ನೋಡಿ, ಅದು ಬೇರೆಯೇ ಬೈಕ್. ಇಷ್ಟು ಜೋರಾಗಿ ನುಗ್ಗುವ ಹಿಮಾಲಯನ್ ನಾನು ಕಂಡಿರಲಿಲ್ಲ. ಖುಷಿಯೂ ಆಯಿತು, ಏನೋ ಕಳೆದುಕೊಂಡ ಹಾಗೂ ಆಯಿತು.

ಮೀಟರ್ ಕಥೆಯೂ ಹಾಗೇ. ನನ್ನದರಲ್ಲಿ ಮುಳ್ಳಿನ ಮೀಟರ್, ಜೊತೆಗೆ ದಿಕ್ಕು ತೋರಿಸುವ ಕಂಪಾಸ್. ಕಾಡಿನ ರಸ್ತೆಯಲ್ಲಿ ತಿರುವು ಮೇಲೆ ತಿರುವು ಬರುವಾಗ ಈಗ ಪಶ್ಚಿಮಕ್ಕೆ ಹೊರಟೆವು, ಸಮುದ್ರದ ಕಡೆ ಇಳಿಯುತ್ತಿದ್ದೇವೆ ಅಂತ ಗೊತ್ತಾಗುವುದು ನನಗೆ ತುಂಬಾ ಇಷ್ಟ. 450ರಲ್ಲಿ 4 ಇಂಚಿನ ದುಂಡನೆಯ ಸ್ಕ್ರೀನ್. ಗೂಗಲ್ ಮ್ಯಾಪ್ ಅದರಲ್ಲೇ ಕಾಣುತ್ತದೆ. ನನ್ನ ಹೆಂಡತಿಗೆ ಅದೇ ಬಹಳ ಹಿಡಿಸಿತು, ಹಿಂದೆ ಕೂತು ಫೋನ್ ನೋಡಿ ಎಡಕ್ಕೆ ಬಲಕ್ಕೆ ಅಂತ ಹೇಳುವ ಕೆಲಸ ತಪ್ಪಿತು ಅಂದಳು.

ಎರಡನ್ನೂ ಸಾವಿರಾರು ಕಿಲೋಮೀಟರ್ ಓಡಿಸಿದವರು ಹೇಳಿ. ಇದು ನಮ್ಮ ಹಿಮಾಲಯನ್ನೇ ಬೆಳೆದು ದೊಡ್ಡದಾಗಿದ್ದಾ, ಇಲ್ಲ ಹೆಸರು ಮಾತ್ರ ಅದೇನಾ? ನನ್ನ ಎತ್ತರ 5 ಅಡಿ 6 ಇಂಚು.

ಹಾವೇರಿ ಹೈವೇ

ಸರ್, ನಾನು ಐದು ವರ್ಷ 411 ಓಡಿಸಿ 2024ರ ಶುರುವಿನಲ್ಲಿ 450 ತಗೊಂಡವನು. ಈಗ 31 ಸಾವಿರ ಆಗಿದೆ. ನೀವು ಬರೆದ ಹಂಪಿನ ಅನುಭವ ನನಗೂ ಆಗಿತ್ತು, ಮೊದಲ ವಾರ ಮಾರಿಬಿಡಬೇಕು ಅನ್ನಿಸಿತ್ತು. ಒಂದು ತಿಂಗಳಲ್ಲಿ ಅದು ಹೋಯಿತು.

ತಡವರಿಸಿದ್ದಕ್ಕೆ ಕಾರಣ ಇದೆ. 411ರ ಇಂಜಿನ್ ಬೋರ್ (ಸಿಲಿಂಡರಿನ ಅಗಲ) 78 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 86 ಮಿ.ಮೀ. ಅಂದರೆ ಪಿಸ್ಟನ್ ಉದ್ದಕ್ಕೆ ಓಡಾಡುತ್ತದೆ. ಕಂಪ್ರೆಷನ್ (ಇಂಜಿನ್ ಒಳಗೆ ಗಾಳಿ, ಪೆಟ್ರೋಲ್ ಒತ್ತುವ ಪ್ರಮಾಣ) ಬರೀ 9.5. ಪೂರ್ತಿ ಟಾರ್ಕ್ 4,000ದಿಂದ 4,500ರ ಒಳಗೇ ಬಂದುಬಿಡುತ್ತದೆ. 450ರ ಹೊಸ ಶೆರ್ಪಾ ಇಂಜಿನ್ ಉಲ್ಟಾ. ಬೋರ್ 84, ಸ್ಟ್ರೋಕ್ 81.5, ಕಂಪ್ರೆಷನ್ 11.5, ನಾಲ್ಕು ವಾಲ್ವ್. ಟಾರ್ಕಿನ ತುದಿ 5,500ಕ್ಕೆ, ಪವರ್ ತುದಿ 8,000ಕ್ಕೆ. ನೀವು ಹಳೇ ಕೈಯಲ್ಲಿ ಹೊಸ ಇಂಜಿನ್ ಓಡಿಸಿದ್ದೀರಿ, ಅಷ್ಟೇ. ಮುಳ್ಳನ್ನು 3,000ದ ಕೆಳಗೆ ಬಿಡಬೇಡಿ. ಒಂದು ಗೇರ್ ಕೆಳಗಿಟ್ಟೇ ಓಡಿಸಿ. ಕ್ಲಚ್ ತುಂಬಾ ಹಗುರ, ಬೆರಳು ನೋಯುವುದಿಲ್ಲ.

ನಾನು ವಾರಕ್ಕೊಮ್ಮೆ ಹಾವೇರಿಯಿಂದ ಚಿತ್ರದುರ್ಗಕ್ಕೆ ಹೋಗಿ ಬರುವವನು. ಎನ್‌ಎಚ್ 48ರಲ್ಲಿ ಲಾರಿ ಹಿಂದೆ ಲಾರಿ. 411ರಲ್ಲಿ 85ರಲ್ಲಿ ಹೋಗುತ್ತಿದ್ದಾಗ ಮುಂದೆ ಎರಡು ಲಾರಿ ಅಕ್ಕಪಕ್ಕ ಬಂದರೆ ಕಾಯಬೇಕಿತ್ತು. ಜಾಗ ಸಿಕ್ಕಿದರೂ ಬೈಕ್ ವೇಗ ಹಿಡಿಯುವಷ್ಟರಲ್ಲಿ ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಈಗ ಐದಕ್ಕೆ ಇಳಿಸಿ ತಿರುಗಿಸಿದರೆ ಮೂರು ಎಣಿಸುವುದರೊಳಗೆ ಲಾರಿ ಕನ್ನಡಿಯಲ್ಲಿ ಇರುತ್ತದೆ. ಇದು ಸ್ಪೀಡಿನ ಹುಚ್ಚಲ್ಲ ಸರ್. ಲಾರಿಯ ಪಕ್ಕದಲ್ಲಿ ಕಳೆಯುವ ಸಮಯ ಕಡಿಮೆ ಆಗಿದೆ, ನನ್ನ ಮಟ್ಟಿಗೆ ಅದು ಜೀವದ ಪ್ರಶ್ನೆ.

ಮುಂದಿನ ಡಿಸ್ಕ್ 300ರಿಂದ 320 ಮಿ.ಮೀ. ಆಗಿದೆ, ಬ್ರೇಕ್ ಹಿಡಿದಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹೆಡ್‌ಲೈಟ್ ಎಲ್‌ಇಡಿ. ಮೈಲೇಜ್ ನನಗೆ 28ರಿಂದ 30 ಬರುತ್ತಿದೆ, 100ರ ಮೇಲೆ ಓಡಿಸಿದರೆ ಇಳಿಯುತ್ತದೆ.

ಒಂದು ಮಾತು ಮಾತ್ರ ನಿಜ. ಆ ಗುಡುಗುಡು ಇದರಲ್ಲಿ ಇಲ್ಲ. ಸಂಜೆ ಆರಾಮವಾಗಿ ಊರ ಹೊರಗೆ ಒಂದು ಸುತ್ತು ಹೋಗುವಾಗ ಈಗಲೂ ಹಳೆಯದು ನೆನಪಾಗುತ್ತದೆ.

ಕಾಫಿ ತೋಟದ ಹಾದಿ

ನಾನು ಸಕಲೇಶಪುರದ ಕಡೆಯವನು. ಹಾವೇರಿ ಅಣ್ಣ ಹೇಳಿದ್ದು ಹೈವೇ ಮಾತು, ಒಪ್ಪುತ್ತೇನೆ. ನಾನು ತೋಟದ ಮಾತು ಹೇಳುತ್ತೇನೆ.

ನಮ್ಮ ಮನೆಯಿಂದ ಟಾರ್ ರಸ್ತೆಗೆ ಎರಡೂವರೆ ಕಿ.ಮೀ. ಮಣ್ಣಿನ ದಾರಿ. ಜೂನ್ ಬಂತು ಅಂದರೆ ಅದು ದಾರಿಯಲ್ಲ, ಹರಿಯುವ ಕೆಸರು. ಮಧ್ಯೆ ಒಂದು ಕಡೆ ಏರು, ಅಲ್ಲಿ ಪಾಚಿ ಕಟ್ಟಿದ ಕಲ್ಲು. ಆ ಜಾಗದಲ್ಲಿ 411ರಲ್ಲಿ ಮೊದಲನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಹತ್ತುತ್ತೇನೆ. ನಂಬಿ. ಮನುಷ್ಯ ನಡೆಯುವ ವೇಗ. ಚಕ್ರ ಜಾರುವುದಿಲ್ಲ, ಇಂಜಿನ್ ಆಫ್ ಆಗುವುದಿಲ್ಲ. ಎತ್ತು ಹತ್ತಿದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಹತ್ತುತ್ತದೆ. ನನ್ನ ಭಾವನ 450ರಲ್ಲಿ ಅದೇ ಏರು ಹತ್ತಿದೆ. ಹತ್ತಿತು, ಇಲ್ಲ ಅನ್ನಲ್ಲ. ಹಾಫ್ ಕ್ಲಚ್‌ನಲ್ಲಿ ಆಡಿಸಬೇಕು, ಸ್ವಲ್ಪ ಜಾಸ್ತಿ ತಿರುಗಿಸಿದರೆ ಹಿಂದಿನ ಚಕ್ರ ಕೆಸರು ಎರಚುತ್ತದೆ. ಮೇಲೆ ಬರುವಷ್ಟರಲ್ಲಿ ನನ್ನ ಎಡಗೈ ಸೋತಿತ್ತು.

ಆದರೆ ಸಸ್ಪೆನ್ಷನ್ ವಿಷಯದಲ್ಲಿ 450ಗೆ ಕೈ ಮುಗಿಯಬೇಕು. ಮುಂದೆ 43 ಮಿ.ಮೀ. ಶೋವಾ ಕಂಪನಿಯ ಯುಎಸ್‌ಡಿ (ತಲೆಕೆಳಗಾದ) ಫೋರ್ಕ್, ಹಿಂದೆ ಮುಂದೆ ಎರಡೂ ಕಡೆ 200 ಮಿ.ಮೀ. ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ). ಮಳೆ ನೀರು ಕೊರೆದ ಕಾಲುವೆಗಳ ಮೇಲೆ ನಿಂತುಕೊಂಡು ಓಡಿಸಿದಾಗ ಕೈಗೆ ಏಟೇ ಗೊತ್ತಾಗಲಿಲ್ಲ. ಹಳೆಯದರಲ್ಲಿ ಹಿಂದೆ 180 ಮಾತ್ರ.

ನನಗೆ ಹಿಡಿಸದಿದ್ದು ಹಿಂದಿನ ಲೈಟು. 450ರಲ್ಲಿ ಬೇರೆ ಟೇಲ್ ಲ್ಯಾಂಪ್ ಇಲ್ಲ. ಇಂಡಿಕೇಟರ್‌ಗಳೇ ಟೇಲ್ ಲೈಟು, ಅವೇ ಬ್ರೇಕ್ ಲೈಟು. ನೋಡುವುದಕ್ಕೆ ಚಂದ. ತೋಟದ ದಾರಿಯಲ್ಲಿ ಬೈಕ್ ಒಂದು ಕಡೆ ಮಲಗುವುದು ಮಾಮೂಲು, ಆಗ ಮೊದಲು ಪೆಟ್ಟು ತಿನ್ನುವುದೇ ಇಂಡಿಕೇಟರ್ ಅಲ್ವಾ? ಹಳೆಯದರಲ್ಲಿ ಇಂಡಿಕೇಟರ್ ಮುರಿದರೆ ಕೈ ತೋರಿಸಿಕೊಂಡು ಮನೆಗೆ ಬರಬಹುದಿತ್ತು. ಇದರಲ್ಲಿ ಒಂದು ಕಡೆಯ ಬ್ರೇಕ್ ಲೈಟೂ ಹೋಗುತ್ತದೆ. ಮಂಜು ಕವಿದ ಘಾಟಿಯಲ್ಲಿ ಅದು ಸಣ್ಣ ವಿಷಯ ಅಲ್ಲ.

ನಾನು 411 ಮಾರುವುದಿಲ್ಲ. ನೀವೂ ಮಾರಬೇಡಿ ಅಂತ ಹೇಳುವ ಆಸೆ, ಆದರೆ ನಿಮ್ಮ ದಾರಿ ಬೇರೆ.

ಶಿವಮೊಗ್ಗ ಗ್ಯಾರೇಜ್

ನಾನು ಮೆಕ್ಯಾನಿಕ್. ಇಪ್ಪತ್ತೈದು ವರ್ಷದಿಂದ ಇದೇ ಕೆಲಸ. ಎರಡೂ ಬೈಕು ನನ್ನ ಅಂಗಡಿಗೆ ಬರುತ್ತವೆ.

411 ಬಿಚ್ಚಿದರೆ ಅರ್ಥ ಆಗುವ ಇಂಜಿನ್. ಎರಡು ವಾಲ್ವ್, ಸ್ಕ್ರೂ ತಿರುಗಿಸಿ ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸಬಹುದು, ಸಂದು ಅಳೆಯುವ ಫೀಲರ್ ಗೇಜ್ ಇದ್ದರೆ ಸಾಕು. 450 ಇಂಜಿನ್ನಿನಲ್ಲಿ ಎರಡು ಕ್ಯಾಮ್, ನಾಲ್ಕು ವಾಲ್ವ್. ಅಳತೆ ನೋಡಿ ಶಿಮ್ (ತೆಳು ಬಿಲ್ಲೆ) ಬದಲಾಯಿಸಬೇಕು. ಆಕ್ಸಿಲರೇಟರ್‌ಗೆ ನೇರ ಕೇಬಲ್ ಇಲ್ಲ, ಎಲ್ಲಾ ಸೆನ್ಸರ್. ಸ್ಕ್ಯಾನರ್ ಇಲ್ಲದ ಹಳ್ಳಿ ಮೆಕ್ಯಾನಿಕ್ ಅದಕ್ಕೆ ಕೈ ಹಾಕುವುದು ಬೇಡ. ಹಾಗಂತ ಅದು ಕೆಟ್ಟ ಇಂಜಿನ್ ಅಂತಲ್ಲ. ರಾಯಲ್ ಎನ್‌ಫೀಲ್ಡ್‌ನಲ್ಲಿ ನೀರಿನಿಂದ ತಣ್ಣಗಾಗುವ ಮೊದಲ ಇಂಜಿನ್ ಇದು. ಬಿಸಿಲಲ್ಲಿ ಟ್ರಾಫಿಕ್‌ನಲ್ಲಿ ನಿಂತರೂ ಇಂಜಿನ್ ಬಿಸಿ ಹದದಲ್ಲೇ ಇರುತ್ತದೆ, ಒಳಗಿನ ಸಾಮಾನು ಹೆಚ್ಚು ದಿನ ಬಾಳುತ್ತದೆ.

450 ಇರುವವರಿಗೆ ಒಂದು ಮಾತು. ರೇಡಿಯೇಟರ್ ಮುಂದಿನ ಚಕ್ರದ ಹಿಂದೆ ಕೂತಿರುತ್ತದೆ. ಮಳೆಗಾಲದಲ್ಲಿ ಅದರ ರೆಕ್ಕೆಗಳಲ್ಲಿ ಕೆಸರು ತುಂಬಿ ಒಣಗಿ ಸಿಮೆಂಟ್ ಹಾಗೆ ಆಗುತ್ತದೆ. ವಾಟರ್ ಸರ್ವಿಸ್‌ನವರು ಪ್ರೆಷರ್ ಗನ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿಕೊಳ್ಳುತ್ತವೆ, ಗಾಳಿ ಹೋಗುವುದಿಲ್ಲ. ಪೈಪಿನಲ್ಲಿ ಸುಮ್ನೆ ನೀರು ಬಿಟ್ಟು, ನೆನೆಸಿ, ಮೆತ್ತಗಿನ ಬ್ರಷ್ಷಿನಲ್ಲಿ ಮೇಲಿನಿಂದ ಕೆಳಕ್ಕೆ ಉಜ್ಜಿ. ರಾಕ್ ಗಾರ್ಡ್ ಹಾಕಿಸಿ.

ಟೈರ್ ವಿಷಯ. 2023ರ ನವೆಂಬರಿನಲ್ಲಿ 450 ಬಂದಾಗ ಟ್ಯೂಬ್ ಟೈರೇ ಇತ್ತು. ಜನ ಬೇಸರ ಮಾಡಿಕೊಂಡಿದ್ದು ನ್ಯಾಯವೇ. ಆಮೇಲೆ ಟ್ಯೂಬ್‌ಲೆಸ್ ಸ್ಪೋಕ್ ವೀಲ್ ಬಂತು. ತಿಪಟೂರಿನವರೇ, ತಗೊಂಡರೆ ಅದನ್ನೇ ತಗೊಳ್ಳಿ. ಮುಂದಿನ ಚಕ್ರ 21 ಇಂಚು, ಆ ಅಳತೆಯ ಟ್ಯೂಬ್ ದಾರಿಯ ಪಂಕ್ಚರ್ ಅಂಗಡಿಯಲ್ಲಿ ಸಿಗುವುದಿಲ್ಲ. ಹಳೇ ಬೈಕಿನಲ್ಲೇ ಹೋಗುವುದಾದರೆ ಎರಡು ಟ್ಯೂಬು, ಟೈರ್ ಲಿವರ್, ಪಂಪು ಬ್ಯಾಗಿನಲ್ಲಿ ಇರಲೇಬೇಕು. ಚಕ್ರ ಬಿಚ್ಚುವುದನ್ನು ಮನೆಯಲ್ಲಿ ಒಂದು ಸಲ ಮಾಡಿ ನೋಡಿ. ಎರಡು ವರ್ಷದ ಹಿಂದೆ ಆಗುಂಬೆಯ ಏಳನೇ ತಿರುವಿನಲ್ಲಿ ಮಳೆಯಲ್ಲಿ ಒಬ್ಬ ಹುಡುಗನಿಗೆ ಟ್ಯೂಬ್ ಹಾಕಿಕೊಟ್ಟಿದ್ದೇನೆ. ಎಲ್ಲಾ ಸಾಮಾನು ಇಟ್ಟುಕೊಂಡಿದ್ದ, ಟೈರಿನ ಅಂಚು ರಿಮ್ಮಿನಿಂದ ಬಿಡಿಸುವುದು ಹೇಗೆ ಅಂತ ಗೊತ್ತಿರಲಿಲ್ಲ.

52 ಸಾವಿರ ಓಡಿದ 411ರಲ್ಲಿ ಮೊದಲು ಹ್ಯಾಂಡಲ್ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ನೋಡಿಸಿ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ಮಧ್ಯದಲ್ಲಿ ಟಕ್ ಅಂತ ಕಚ್ಚಿಕೊಂಡರೆ ಬದಲಾಯಿಸಬೇಕು. ಚೈನ್ ಸ್ಪ್ರಾಕೆಟ್, ಫೋರ್ಕ್ ಸೀಲ್, ಕ್ಲಚ್ ಪ್ಲೇಟ್ ಆಮೇಲೆ.

ಬೆಲೆ ಕೇಳಿದವ

ಬೆಲೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಬಿಡುಗಡೆ ಆದಾಗ 450 ಎಕ್ಸ್ ಶೋರೂಮ್ 2.69 ಲಕ್ಷದಿಂದ ಶುರುವಾಗಿತ್ತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನ ಬೈಕಿಗೆ ಜಿಎಸ್‌ಟಿ 40% ಆಯಿತು, ಎಕ್ಸ್ ಶೋರೂಮೇ 3 ಲಕ್ಷ ದಾಟಿತು. ಅದರ ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್. ಮಧ್ಯಮ ವರ್ಗದವರ ಟೂರಿಂಗ್ ಬೈಕ್ ಅಂತ ಹಿಮಾಲಯನ್‌ಗೆ 2016ರಿಂದ ಇದ್ದ ಹೆಸರು ಈ ಬೆಲೆಯಲ್ಲಿ ಉಳಿಯುತ್ತಾ? ನನಗೆ ನಿಜಕ್ಕೂ ಬೇಸರ ಇದೆ. ನನ್ನಂಥವನು ಈಗ ಸೆಕೆಂಡ್ ಹ್ಯಾಂಡ್ 411 ಹುಡುಕುತ್ತಿದ್ದೇನೆ.

ಮೈಸೂರು ಎರಡು ಗಾಲಿ

ನಾನು 5 ಅಡಿ 3 ಇಂಚು. ಹೆಣ್ಣುಮಕ್ಕಳು ಈ ಬೈಕ್ ಓಡಿಸಬಹುದಾ ಅಂತ ಕೇಳುವವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. 411 ಸೀಟ್ 800 ಮಿ.ಮೀ. 450 ಸೀಟ್ 825, ಏರಿಸಿದರೆ 845, ಲೋ ಸೀಟ್ ಹಾಕಿಸಿದರೆ 805. ನಾನು ಲೋ ಸೀಟ್ ಹಾಕಿಸಿದ್ದೇನೆ. ಸೀಟು ಮುಂದೆ ಟ್ಯಾಂಕಿನ ಹತ್ತಿರ ಕಿರಿದಾಗಿರುವುದರಿಂದ ಕಾಲು ನೇರ ಕೆಳಗೆ ಇಳಿಯುತ್ತದೆ, ಎರಡೂ ಪಾದದ ಮುಂಭಾಗ ಊರುತ್ತದೆ. 5 ಅಡಿ 6 ಇಂಚಿನವರಿಗೆ ಏನೂ ತೊಂದರೆ ಇಲ್ಲ ಅಣ್ಣ.

ಊರೊಳಗೆ 450 ನನಗೆ ಸುಸ್ತು ಮಾಡುತ್ತದೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿನವರನ್ನು ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಹಂಪು, ಆಟೋ, ಎಮ್ಮೆ, ಅಡ್ಡ ಬರುವ ಟ್ರ್ಯಾಕ್ಟರ್. ಎರಡು, ಮೂರು, ಎರಡು, ಮೂರು ಅಂತ ಗೇರ್ ಹಾಕಿಕೊಂಡೇ ಇರಬೇಕು. ರೇಡಿಯೇಟರ್ ಫ್ಯಾನ್ ಓಡಿದಾಗ ಬಿಸಿಗಾಳಿ ಕಾಲಿಗೆ ಹೊಡೆಯುತ್ತದೆ. ಇಲ್ಲಿ 411 ಇದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ.

ಈಗ ಮುಖ್ಯ ವಿಷಯ. ನೀವಿಬ್ಬರೂ ಹೋಗುತ್ತಿರುವುದು ಲಡಾಖ್‌ಗೆ. ನಾನು ಹೋದ ವರ್ಷ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಮನಾಲಿ ಲೇಹ್ ಮಾಡಿದೆ. ಉಮ್ಲಿಂಗ್ ಲಾ 19,024 ಅಡಿ. ಅಷ್ಟು ಎತ್ತರದಲ್ಲಿ ಗಾಳಿ ಇಲ್ಲಿನ ಅರ್ಧದಷ್ಟೇ ಇರುತ್ತದೆ, ಇಂಜಿನ್ ಶಕ್ತಿಯೂ ಹೆಚ್ಚು ಕಡಿಮೆ ಅರ್ಧ ಆಗುತ್ತದೆ. ನಿಮ್ಮ 24.5 ಅಲ್ಲಿ 12, 13 ಆಗುತ್ತದೆ. ಇಬ್ಬರು, ಎರಡು ಬ್ಯಾಗು, ಜಲ್ಲಿ ರಸ್ತೆ. 450ರ 40 ಅಲ್ಲಿ 20ರ ಮೇಲೆ ಇರುತ್ತದೆ. ಅಂದರೆ ನಿಮ್ಮ 411 ತಿಪಟೂರಿನಲ್ಲಿ ಎಳೆಯುವುದಕ್ಕೆ ಸ್ವಲ್ಪ ಕಡಿಮೆ ಅಂದುಕೊಳ್ಳಿ. ಮನಾಲಿ ಲೇಹ್ ದಾರಿಯ ಗಾಟಾ ಲೂಪ್ಸ್ ಏರಿನಲ್ಲಿ 21 ತಿರುವು. ಅಲ್ಲಿ ಒಂದು 411 ನಮ್ಮ ಮುಂದೆ ಇತ್ತು, ಗಂಡ ಹೆಂಡತಿ. ಪ್ರತಿ ತಿರುವಿನಲ್ಲೂ ಮೊದಲನೇ ಗೇರ್. ಹತ್ತಿದರು, ನಿಧಾನವಾಗಿ ಆದರೂ ಹತ್ತಿದರು. ಮೇಲೆ ಸಿಕ್ಕಿದಾಗ ಆ ಅಕ್ಕ ನಾಲ್ಕು ತಿರುವು ಇಳಿದು ನಡೆದೆ ಅಂದರು. ಆ ಎತ್ತರದಲ್ಲಿ ನಡೆಯುವುದು ಅಂದರೆ ಎದೆ ಒಡೆದ ಹಾಗೆ ಆಗುತ್ತದೆ. ನಮ್ಮಮ್ಮ ಒಂದು ಸಲವೂ ಇಳಿಯಲಿಲ್ಲ.

ಪೆಟ್ರೋಲ್ ಕೂಡ ನೋಡಿ. ಅದೇ ದಾರಿಯ ಟಾಂಡಿ ಬಂಕಿನಲ್ಲಿ ಮುಂದಿನ ಬಂಕ್ 365 ಕಿ.ಮೀ. ಅಂತ ಬೋರ್ಡ್ ಇದೆ, ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಕೆಳಗಿನ ಗೇರಿನಲ್ಲಿ ಹತ್ತುವಾಗ ಮೈಲೇಜ್ ಇಳಿಯುತ್ತದೆ. ಆ 2 ಲೀಟರ್ ಜಾಸ್ತಿ ಇರುವುದರ ಬೆಲೆ ಅಲ್ಲಿ ಗೊತ್ತಾಗುತ್ತದೆ.

ತಿಪಟೂರು ಸವಾರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ.

ಇವತ್ತು ಮತ್ತೆ ಹೋಗಿದ್ದೆ, ಈ ಸಲ ಹೆಂಡತಿ ಜೊತೆ. ಹಾವೇರಿ ಸರ್ ಹೇಳಿದ ಹಾಗೆ ಒಂದು ಗೇರ್ ಕೆಳಗೇ ಇಟ್ಟು ಅರಸೀಕೆರೆ ರಸ್ತೆಯಲ್ಲಿ ಓಡಿಸಿದೆ. ತಡವರಿಸಲಿಲ್ಲ. ಅದೇ ಹಂಪಿನಲ್ಲಿ ಎರಡನೇ ಗೇರ್ ಹಾಕಿ ಬಿಟ್ಟೆ, ಚೆನ್ನಾಗಿ ಎದ್ದಿತು. ಹೆಂಡತಿ ಇಳಿದ ಮೇಲೆ ಹೇಳಿದ್ದು ಇಷ್ಟೇ: "ಸೊಂಟಕ್ಕೆ ಏಟು ಬೀಳಲಿಲ್ಲ." ಐದು ವರ್ಷದಲ್ಲಿ ಅವಳು ಒಂದು ದಿನವೂ ಸೊಂಟ ನೋವು ಅಂದಿರಲಿಲ್ಲ. ಮೈಸೂರು ಮೇಡಂ ಬರೆದದ್ದು, ಆ ಅಕ್ಕ ಇಳಿದು ನಡೆದಿದ್ದು, ಅದನ್ನು ಅವಳಿಗೆ ಓದಿ ಹೇಳಿದೆ. ಅವಳು ಏನೂ ಮಾತಾಡಲಿಲ್ಲ, ನನಗೆ ಉತ್ತರ ಸಿಕ್ಕಿತು. ಟ್ಯೂಬ್‌ಲೆಸ್ ವೀಲ್ ಇರುವ 450 ಬುಕ್ ಮಾಡಿದ್ದೇನೆ.

411 ಮಾರುವುದಕ್ಕೆ ಮನಸ್ಸು ಬರಲಿಲ್ಲ. ತಮ್ಮ ಕೊಪ್ಪದಲ್ಲಿ ಮೇಷ್ಟ್ರು, ದಿನಾ ಘಟ್ಟದ ರಸ್ತೆ, ಅವನಿಗೆ ಕೊಡುತ್ತೇನೆ. ಅದಕ್ಕೂ ಮೊದಲು ಕೋನ್ ಸೆಟ್ ನೋಡಬೇಕು. ನೀವು ಹೇಳಿದ ಹಾಗೆ ಮುಂದಿನ ಚಕ್ರ ಎತ್ತಿ ತಿರುಗಿಸಿದೆ, ಮಧ್ಯದಲ್ಲಿ ಕಚ್ಚುತ್ತಿದೆ. ಶಿವಮೊಗ್ಗದವರೇ, ಶನಿವಾರ ತರಲಾ?

ಕಾಫಿ ತೋಟದ ಹಾದಿ

ಕೊಪ್ಪಕ್ಕೆ ಹೋಗುತ್ತದೆ ಅಂದರೆ ಸರಿಯಾದ ಮನೆಗೇ ಹೋಗುತ್ತಿದೆ. ಸಂತೋಷ ಆಯಿತು.

ಶಿವಮೊಗ್ಗ ಗ್ಯಾರೇಜ್

ತನ್ನಿ. ಬೆಳಿಗ್ಗೆ 10ರ ಒಳಗೆ ಬಂದರೆ ಸಂಜೆಗೆ ಕೊಡಬಹುದು. ಬರುವಾಗ 60 ದಾಟಬೇಡಿ, ಕೋನ್ ಸೆಟ್ ಕಚ್ಚುತ್ತಿದ್ದರೆ ತಿರುವಿನಲ್ಲಿ ಹ್ಯಾಂಡಲ್ ಎಳೆಯುತ್ತದೆ.